ಬೀಗ ಹಾಕಿದ ಮನೆ, ಜನ ಇರುವ ಮನೆ

ಕೇಳುಗರಿಗೆ ನಮಸ್ಕಾರ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಊರಲ್ಲಿ ತಾತನ ಕಾಲದ ಮನೆ ಇದೆ. ಬಾಗಿಲಿಗೆ ಬೀಗವೂ ಇದೆ. ಹಳೇ ಮನೆಯನ್ನು ಕೆಡಿಸುವುದು ವಯಸ್ಸಲ್ಲ, ಆ ಬೀಗ. ಇವತ್ತು ಹೇಳಬೇಕಾದದ್ದು ಇಷ್ಟೇ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಅಧ್ಯಕ್ಷರಿಗೆ, ಅಂದರೆ ನಮ್ಮ ಕುಲಪತಿಗಳಂಥವರಿಗೆ, ಒಂದು ಮನೆಯಿದೆ. ವಿಶ್ವವಿದ್ಯಾಲಯ ಇರುವ ಆ್ಯನ್ ಆರ್ಬರ್ ಊರಿನಲ್ಲಿ 1840ರಲ್ಲಿ ಪ್ರಾಧ್ಯಾಪಕರಿಗೆಂದು ಕಟ್ಟಿದ ನಾಲ್ಕು ಮನೆಗಳಲ್ಲಿ ಉಳಿದಿರುವುದು ಇದೊಂದೇ. ಉಳಿದ ಮೂರು ಬೇರೆ ಬೇರೆ ಕೆಲಸಕ್ಕೆ ಬಳಕೆಯಾಗಿ ಕೊನೆಗೆ ನೆಲಸಮವಾದವು. ಇಟ್ಟಿಗೆ ಗೋಡೆ, ಮೇಲೆ ಗಾರೆ. ಗಾರೆಯಲ್ಲಿ ಗೆರೆ ಕೊರೆದು ಕಲ್ಲಿನ ಕಟ್ಟಡದಂತೆ ಕಾಣಿಸಿದ್ದಾರೆ. ಮೂರನೆಯ ಅಂತಸ್ತು ಬಂದದ್ದು 1860ರ ದಶಕದಲ್ಲಿ.

ಅಧ್ಯಕ್ಷರಾಗಿ ಈ ಮನೆಗೆ ಬಂದ ಜೇಮ್ಸ್ ಏಂಜೆಲ್ ಅವರ ಕಥೆ ಸೊಗಸಾಗಿದೆ. 1869ರಲ್ಲಿ ಕರೆದಾಗ ಒಲ್ಲೆ ಅಂದಿದ್ದರು. 1871ರಲ್ಲಿ ಮತ್ತೆ ಕರೆ ಬಂದಾಗ ಒಪ್ಪಿದರು, ಆದರೆ ಮನೆ ರಿಪೇರಿಯಾಗಬೇಕು, ಒಳಗೇ ಪಾಯಿಖಾನೆ ಬೇಕು ಅಂತ ಷರತ್ತು ಹಾಕಿದರು! ಆಗ ಅಲ್ಲಿ ಹಿತ್ತಲಿಗೇ ಹೋಗುತ್ತಿದ್ದ ಕಾಲ. ಜನವರಿಯ ಹಿಮದಲ್ಲಿ ಹಿತ್ತಲಿಗೆ ಹೋಗುವುದನ್ನು ಊಹಿಸಿಕೊಳ್ಳಿ. ಮನೆಯೊಳಗಿನ ಪಾಯಿಖಾನೆ ಊರಿಗೇ ಮೊದಲನೆಯದು ಇದು ಎಂಬ ಮಾತಿದೆ. ವಿಶ್ವವಿದ್ಯಾಲಯ ಮಾಡಿಸಿಕೊಟ್ಟಿತು, ಅವರು ಬಂದರು. ಬಂದವರು 1909ರಲ್ಲಿ ನಿವೃತ್ತರಾದ ಮೇಲೂ ಅದೇ ಮನೆಯಲ್ಲಿದ್ದು, 1916ರಲ್ಲಿ ತೀರಿಕೊಂಡರು. ಒಂದೇ ಕುಟುಂಬ, ನಲವತ್ತೈದು ವರ್ಷ! ಪಾರಂಪರಿಕ ಕಟ್ಟಡ, ಮುಟ್ಟಬಾರದು ಅನ್ನುವವರಿಗೆ ನಾನು ಹೇಳುವುದು: ಪಾಯಿಖಾನೆ ಮಾಡಿಸಿ, ಜನ ಇರಲಿ.

ಜನ ಇದ್ದರೆ ಏನಾಗುತ್ತದೆ? ಸೋರಿಕೆ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಆ ಊರಿನ ಚಳಿಯಲ್ಲಿ ಕೊಳವೆಯ ನೀರು ಹೆಪ್ಪುಗಟ್ಟಿದರೆ ಶೇಕಡಾ 9ರಷ್ಟು ಹಿಗ್ಗಿ ಕೊಳವೆಯನ್ನೇ ಸೀಳುತ್ತದೆ. ಅಟ್ಟದ ಬಿಸಿಗೆ ಚಾವಣಿಯ ಹಿಮ ಕರಗಿ, ಸೂರಿನಂಚಿನ ತಣ್ಣನೆಯ ಜಾಗದಲ್ಲಿ ಮತ್ತೆ ಗಡ್ಡೆ ಕಟ್ಟುತ್ತದೆ. ಹಿಂದೆ ನಿಂತ ನೀರು ಹೊದಿಕೆಯ ಸಂದಿಯಲ್ಲಿ ಒಳಗಿಳಿದು ಗೋಡೆಯ ನೆತ್ತಿಗೆ ಸೇರುತ್ತದೆ. ಕಲೆ ಚಿಕ್ಕದಿರುವಾಗ ನೋಡಿದವರಿಗೆ ಅರ್ಧ ದಿನದ ಕೆಲಸ. ಬೀಗ ಹಾಕಿದ್ದರೆ ತೊಲೆ ಕುಂಬಾದ ಮೇಲೇ ಗೊತ್ತಾಗುವುದು.

ಇನ್ನೊಂದು, ಬೇಗ ಹೇಳಿಬಿಡುತ್ತೇನೆ, ಸಮಯ ಕಮ್ಮಿ. ಸುಣ್ಣದ ಗಾರೆ ಬಿರುಕು ಬಿಟ್ಟರೆ ಸಿಮೆಂಟ್ ಮೆತ್ತಬೇಡಿ. ಸುಣ್ಣದ ಮೂಲಕ ಗೋಡೆಯ ತೇವ ಹೊರಗೆ ಹೋಗುತ್ತದೆ, ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ತೇವ ತುಂಬಿದ ಇಟ್ಟಿಗೆ ಪುಡಿಯಾಗುತ್ತದೆ. ಚೆನ್ನಾಗಿ ಅರಳಿಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಗೋಡೆ ನೆನೆಸಿ, ತೆಳುವಾಗಿ ಎರಡು ಸಲ ಹಚ್ಚಿ, ಒಂದು ವಾರ ತೇವ ಆರದಂತೆ ನೋಡಿಕೊಳ್ಳಿ. ಗಾರೆಯವನು ಆತುರ ಮಾಡಿದರೆ ಒಪ್ಪಬೇಡಿ.

ಮೈಸೂರಿನ ಜಯಲಕ್ಷ್ಮೀವಿಲಾಸವನ್ನು ಇಲ್ಲಿ ನೆನೆಯಬೇಕು. 1905ರ ಆ ಅರಮನೆಯನ್ನು ಕುವೆಂಪು ಕುಲಪತಿಗಳಾಗಿದ್ದಾಗ, 1959ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಕೊಂಡಿತು. ಅಲ್ಲಿ ವಾಸಕ್ಕೆ ಯಾರೂ ಇರಲಿಲ್ಲ, ಜಾನಪದ ವಸ್ತುಸಂಗ್ರಹಾಲಯ ಮಾಡಿದರು. ವರ್ಷಗಳು ಕಳೆದಂತೆ ಶಿಥಿಲವಾಗಿ, ದೊಡ್ಡ ದುರಸ್ತಿ ಮುಗಿದದ್ದು 2006ರಲ್ಲಿ.

ಮಳೆಗಾಲಕ್ಕೆ ಮುಂಚೆ ಒಮ್ಮೆ ಊರಿಗೆ ಹೋಗಿ. ಬೀಗ ತೆಗೆದು, ಏಣಿ ಹಾಕಿ, ಸೂರಿನ ದೋಣಿಯಲ್ಲಿ ಕೊಳೆತ ಎಲೆಗಳನ್ನು ಕೈಯಿಂದಲೇ ಬಾಚಿ ತೆಗೆಯಿರಿ, ಒಂದು ಬಿಂದಿಗೆ ನೀರು ಸುರಿದು ಎಲ್ಲಿಂದ ಇಳಿಯುತ್ತದೆ ನೋಡಿ. ನಮಸ್ಕಾರ.