‘ಇದು ನನಗಲ್ಲ ಅಕ್ಕಾ’

ಕೇಳುಗರಿಗೆ ನಮಸ್ಕಾರ.

ಆರೋಗ್ಯದ ಪೋಸ್ಟರುಗಳಿಗೆ ಸಾಲು ಬರೆದುಕೊಡುವುದು ನನ್ನ ಕೆಲಸ. ಡೆಂಗಿ, ಕ್ಷಯ, ತಂಬಾಕು, ಯಾವುದು ಬಂದರೂ ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ಮೇ 31ರ ತಂಬಾಕು ರಹಿತ ದಿನಕ್ಕೆ ಹೆಣ್ಣುಮಕ್ಕಳಿಗಾಗಿ ಒಂದು ಪೋಸ್ಟರ್ ಮಾಡಿದ್ದೆ. ಮಡಿಲಲ್ಲಿ ಮಗು, ಪಕ್ಕದಲ್ಲಿ ನಗುವ ಗಂಡ, ಮೇಲೆ ‘ನಾಳೆಯ ತಾಯಿ ನೀನು, ಸಿಗರೇಟು ಬೇಡ’ ಅನ್ನುವ ಸಾಲು. ಬರೆದಾಗ ನನಗೇ ಖುಷಿಯಾಗಿತ್ತು ಬಿಡಿ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಅದನ್ನು ಅಂಟಿಸುತ್ತಿದ್ದಾಗ ಒಬ್ಬ ಹುಡುಗಿ ನಿಂತು ಓದಿದಳು. ಇಪ್ಪತ್ತು, ಇಪ್ಪತ್ತೊಂದು ವರ್ಷ ಇರಬಹುದು.

“ಚೆನ್ನಾಗಿದೆ ಅಕ್ಕಾ. ಆದ್ರೆ ಇದು ನನಗಲ್ಲ,” ಅಂದಳು.

ಯಾಕಮ್ಮಾ ಅಂದೆ.

ಪೋಸ್ಟರಿನ ಗಂಡನ ಮೂಗಿನ ಮೇಲೆ ಬೆರಳಿಟ್ಟಳು. “ಇವನು ನನಗೆ ಬೇಡ. ಸಿಗರೇಟು ಬೇಕು.”

ನಾನು ಸುಮ್ನೆ ನಕ್ಕೆ. ಅವಳು ಏನು ಹೇಳಿದಳು ಅಂತ ಅರ್ಥವಾಗಿದ್ದು ವಾಪಸ್ ಬಸ್ಸಿನಲ್ಲಿ ಕೂತ ಮೇಲೆ.

ಅವಳು ಹೆಣ್ಣನ್ನು ಪ್ರೀತಿಸುವ ಹೆಣ್ಣು. ಇಂಥವರನ್ನು ನಮ್ಮ ಪತ್ರಿಕೆಗಳು ಲೈಂಗಿಕ ಅಲ್ಪಸಂಖ್ಯಾತರು ಅಂತ ಬರೆಯುತ್ತವೆ. ಹೆಣ್ಣನ್ನು ಪ್ರೀತಿಸುವವಳು ಲೆಸ್ಬಿಯನ್, ಗಂಡು ಹೆಣ್ಣು ಇಬ್ಬರನ್ನೂ ಪ್ರೀತಿಸಬಲ್ಲವಳು ಬೈಸೆಕ್ಷುವಲ್, ಈ ಪದಗಳನ್ನೂ ನೀವು ಕೇಳಿರುತ್ತೀರಿ. ಇವರಿಗೆ ಸಿಗರೇಟು ಬಿಡಿ ಅಂತ ಹೇಳುವುದು ಹೇಗೆ ಅನ್ನುವ ಪ್ರಶ್ನೆಯನ್ನು ಅಮೆರಿಕದಲ್ಲಿ ಬಹಳ ಕಾಲದಿಂದ ಕೇಳುತ್ತಿದ್ದಾರೆ. ಯಾಕೆಂದರೆ ಅಲ್ಲಿನ ಸಮೀಕ್ಷೆಗಳು ಮತ್ತೆ ಮತ್ತೆ ಒಂದೇ ಮಾತು ಹೇಳಿವೆ. ಉಳಿದ ಹೆಂಗಸರಿಗಿಂತ ಇವರಲ್ಲಿ ಸೇದುವವರು ಜಾಸ್ತಿ. ಬೈಸೆಕ್ಷುವಲ್ ಹೆಂಗಸರಲ್ಲಂತೂ ಇನ್ನೂ ಜಾಸ್ತಿ. ಅವರನ್ನು ಆ ಕಡೆಯವರೂ ಪೂರ್ತಿ ನಂಬುವುದಿಲ್ಲ, ಈ ಕಡೆಯವರೂ ನಂಬುವುದಿಲ್ಲ.

ಯಾಕೆ ಜಾಸ್ತಿ? ಒಂದು ಕಾರಣ ಊಹಿಸುವುದು ಕಷ್ಟವಲ್ಲ. ಮನೆಯಲ್ಲಿ ಗೊತ್ತಾದರೆ ಏನು ಗತಿ, ಆಫೀಸಿನಲ್ಲಿ ಗೊತ್ತಾದರೆ ಏನು ಗತಿ ಅಂತ ತನ್ನ ಮಾತಿಗೆ ತಾನೇ ದಿನವಿಡೀ ಕಾವಲು ಕೂತಿರಬೇಕು. ಇಲಾನ್ ಮೇಯರ್ ಎಂಬ ಸಂಶೋಧಕರು ಈ ದಣಿವನ್ನು ಅಲ್ಪಸಂಖ್ಯಾತರ ಒತ್ತಡ ಅಂತ ಕರೆದು ವಿವರಿಸಿದ್ದಾರೆ. ಇನ್ನೊಂದು ಕಾರಣ ನಮಗೆ ಅಷ್ಟು ಬೇಗ ಹೊಳೆಯುವುದಿಲ್ಲ. ಈ ಹುಡುಗಿಯರ ಮನೆ ಬಾಗಿಲಿಗೆ ಆರೋಗ್ಯ ಇಲಾಖೆಗಿಂತ ಮೊದಲು ಹೋಗಿ ನಿಂತದ್ದು ಸಿಗರೇಟು ಕಂಪನಿ. ಹೋಗುವಾಗ ಕೈಯಲ್ಲಿ ಒಂದು ಒಳ್ಳೆಯ ಪದ ಹಿಡಿದುಕೊಂಡು ಹೋಗಿತ್ತು. ಸ್ವಾತಂತ್ರ್ಯ.

ಈ ಪದದ ಕಥೆ ಹಳೆಯದು. 1929ರ ಈಸ್ಟರ್ ಭಾನುವಾರ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ಮೆರವಣಿಗೆ. ಹೆಂಗಸರು ಬೀದಿಯಲ್ಲಿ ಸೇದಿದರೆ ಜನ ಮುಖ ಸಿಂಡರಿಸುತ್ತಿದ್ದ ಕಾಲ. ಅವತ್ತು ಒಂದಷ್ಟು ಯುವತಿಯರು ಎಲ್ಲರೆದುರಿಗೇ ಲಕ್ಕಿ ಸ್ಟ್ರೈಕ್ ಹಚ್ಚಿಕೊಂಡು ನಡೆದರು. ಸಿಗರೇಟಿಗೆ ‘ಸ್ವಾತಂತ್ರ್ಯದ ಪಂಜು’ ಅಂತ ಹೆಸರು. ಹೆಂಗಸರ ಹೋರಾಟ ಅಂತ ಪತ್ರಿಕೆಗಳು ಬರೆದವು. ಅಷ್ಟನ್ನೂ ಹೂಡಿದವನು ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರದ ಆಸಾಮಿ. ಅವನಿಗೆ ಸಂಬಳ ಕೊಡುತ್ತಿದ್ದದ್ದು ಅಮೆರಿಕನ್ ಟೊಬ್ಯಾಕೊ ಕಂಪನಿ.

ಮುಂದೆ ಸಲಿಂಗಿಗಳ ಸರದಿ. ಅಮೆರಿಕನ್ ಸ್ಪಿರಿಟ್ ಅನ್ನುವ ಸಿಗರೇಟಿನ ಒಂದು ಜಾಹೀರಾತು ಸ್ವಾತಂತ್ರ್ಯಗಳ ಪಟ್ಟಿಯನ್ನೇ ಕೊಟ್ಟಿತ್ತು. ಮಾತಾಡುವ, ಆರಿಸಿಕೊಳ್ಳುವ, ಮದುವೆಯಾಗುವ, ಪ್ರೀತಿಸುವ ಸ್ವಾತಂತ್ರ್ಯ. ಅದೇ ಸಾಲಿನ ನಡುವೆ ಹೊಗೆ ಒಳಗೆಳೆದುಕೊಳ್ಳುವ ಸ್ವಾತಂತ್ರ್ಯವೂ ತಣ್ಣಗೆ ಕೂತಿತ್ತು. ಅಕ್ಕಿಯಲ್ಲಿ ಕಲ್ಲು ಬೆರೆಸಿದ ಹಾಗೆ. ಮದುವೆಯ ಹಕ್ಕಿಗಾಗಿ ಹೋರಾಡುತ್ತಿದ್ದ ಹುಡುಗಿ ಅದನ್ನು ಓದಿದರೆ ಅವಳಿಗೆ ಏನನಿಸಬೇಕು? ನಮ್ಮವರು ಅನಿಸಬೇಕು. ಅನಿಸಿತು ಕೂಡ. ಏಡ್ಸ್ ಕಾಲದಲ್ಲಿ ಇವರ ಸಂಘಗಳಿಗೆ ಕಾಸು ಕೊಡುವವರು ಕಡಿಮೆ. 1990ರಲ್ಲಿ ಏಡ್ಸ್ ಹೋರಾಟದ ಆಕ್ಟ್ ಅಪ್ ಸಂಘಟನೆಯವರು ಮಾರ್ಲ್‌ಬೊರೊ ಸಿಗರೇಟನ್ನು ಬಹಿಷ್ಕರಿಸಿದ್ದರು. ಅದು ಹೊಗೆಯ ಮೇಲಿನ ಸಿಟ್ಟಲ್ಲ, ಸಲಿಂಗಿಗಳ ಕಡುವಿರೋಧಿ ಸೆನೆಟರ್ ಜೆಸ್ಸಿ ಹೆಲ್ಮ್ಸ್‌ಗೆ ಆ ಸಿಗರೇಟು ಮಾಡುವ ಫಿಲಿಪ್ ಮಾರಿಸ್ ಕಂಪನಿ ಹಣ ಕೊಡುತ್ತದೆ ಅಂತ. ಕಂಪನಿ ಏನು ಮಾಡಿತು ಗೊತ್ತಾ? ಏಡ್ಸ್ ಕೆಲಸಕ್ಕೆ ಇನ್ನಷ್ಟು ಹಣ ಕೊಡುತ್ತೇವೆ ಅಂದಿತು. ಜಗಳದಿಂದಲೇ ನೆಂಟಸ್ತನ ಶುರುವಾಯಿತು. ಇದಕ್ಕೆ ಆ ಜನರನ್ನು ಬಯ್ಯಲು ನನಗೆ ಮನಸ್ಸು ಬರುವುದಿಲ್ಲ. ಊರೇ ಬಾಗಿಲು ಹಾಕಿಕೊಂಡಾಗ ನೀರು ಕೊಟ್ಟವರ ಜಾತಕ ಯಾರು ಕೇಳುತ್ತಾರೆ?

ಆದರೆ ಕಂಪನಿಗಳು ಒಳಗೊಳಗೇ ಇವರನ್ನು ಏನಂದುಕೊಂಡಿದ್ದವು ಅನ್ನುವುದು ಆಮೇಲೆ ಹೊರಬಿತ್ತು. 1990ರ ದಶಕದ ನಡುವೆ ಆರ್. ಜೆ. ರೆನಾಲ್ಡ್ಸ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಮಾರಾಟದ ಯೋಜನೆ ಹಾಕಿತು. ಗುರಿ ಎರಡು ಬಡಾವಣೆ. ಸಲಿಂಗಿಗಳ ಕ್ಯಾಸ್ಟ್ರೊ, ಮನೆಯಿಲ್ಲದವರು ಬದುಕುವ ಟೆಂಡರ್‌ಲಾಯ್ನ್. ಯೋಜನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಓದಿದರೆ ‘ಸ್ಕಮ್’. ಬೇಳೆ ಕುದಿಯುವಾಗ ಮೇಲೆ ಕೊಳೆ ನೊರೆ ಬರುತ್ತದಲ್ಲ, ಸೌಟಿನಲ್ಲಿ ತೆಗೆದು ಚೆಲ್ಲುತ್ತೇವಲ್ಲ, ಅದೇ ಸ್ಕಮ್. ಜನರಿಗೆ ಹೇಳಿದರೆ ಹೊಲಸು ಬೈಗುಳ. ಒಂದು ಪ್ರತಿಯಲ್ಲಿ ಯಾರೋ ಆ ಪದಕ್ಕೆ ಗೀಟು ಹಾಕಿ ‘ಸೋರ್‌ಡೋ’ ಅಂತ ಕೈಯಲ್ಲಿ ತಿದ್ದಿದ್ದಾರೆ. ಅದು ಆ ಊರಿನ ಹೆಸರುವಾಸಿ ಹುಳಿಹಿಟ್ಟಿನ ಬ್ರೆಡ್ಡು. 1998ರಲ್ಲಿ ಅಮೆರಿಕದ ರಾಜ್ಯಗಳು ಸಿಗರೇಟು ಕಂಪನಿಗಳ ಜೊತೆ ಮಾಡಿಕೊಂಡ ದೊಡ್ಡ ಒಪ್ಪಂದದ ಆಸುಪಾಸಿನಲ್ಲಿ ಕಂಪನಿಗಳ ಲಕ್ಷಗಟ್ಟಲೆ ಕಾಗದಗಳು ಬಯಲಿಗೆ ಬಂದವು. ಈ ಕಾಗದವೂ ಬಂತು.

ನನ್ನ ಕಸುಬಿನವರಿಗೆ ಇದು ಬಂಗಾರ. ಹೇಗೆ ಅಂತೀರಾ? 1960ರ ದಶಕದ ಮೊದಲಲ್ಲಿ ವಿಲಿಯಂ ಮೆಗ್ವಾಯರ್ ಎಂಬ ಮನಶ್ಶಾಸ್ತ್ರಜ್ಞ ಒಂದು ವಿಚಾರ ಮುಂದಿಟ್ಟರು. ಸಿಡುಬಿಗೆ ದಾಕು ಹಾಕಿಸಿದ ಹಾಗೆ ಮಾತಿಗೂ ದಾಕು ಹಾಕಬಹುದು. ನಿನ್ನನ್ನು ಮರುಳು ಮಾಡಲು ಒಬ್ಬ ಬರುತ್ತಾನೆ, ಹೀಗೆ ಹೀಗೆ ಹೇಳುತ್ತಾನೆ, ಅದರ ಹುಳುಕು ಇಲ್ಲಿದೆ ಅಂತ ಮೊದಲೇ ತಿಳಿಸಿದರೆ ಮನಸ್ಸು ಗಟ್ಟಿಯಾಗಿರುತ್ತದೆ. ಹೆಣ್ಣನ್ನು ಪ್ರೀತಿಸುವ ಯುವತಿಯರಿಗೆಂದೇ ಸಂದೇಶ ರೂಪಿಸಲು ಹೊರಟ ಅಮೆರಿಕದ ಸಂಶೋಧಕರು ಇದೇ ದಾರಿ ಹಿಡಿದಿದ್ದಾರೆ. ಕಪ್ಪಾದ ಶ್ವಾಸಕೋಶ ತೋರಿಸಿ ಹೆದರಿಸುವ ಬದಲು, ಇವರ ಗುರುತಾದ ಕಾಮನಬಿಲ್ಲಿನ ಬಾವುಟ ಹಿಡಿದ ಕಂಪನಿಯ ಜೇಬಿನೊಳಗೆ ಏನಿದೆ ಅಂತ ತೋರಿಸುವುದು. ನನಗೆ ಇದು ಸರಿ ಅನಿಸುತ್ತದೆ. ಹುಟ್ಟಿದಾಗಿನಿಂದ ‘ನಾಚಿಕೆಯಾಗಲ್ವಾ ನಿಂಗೆ’ ಅಂತ ಕೇಳಿಸಿಕೊಂಡೇ ಬೆಳೆದವಳಿಗೆ ನಾನು ಹೋಗಿ ಸಿಗರೇಟಿನ ಹೆಸರಲ್ಲಿ ಇನ್ನೊಂದಿಷ್ಟು ನಾಚಿಕೆ ಹೇರಿದರೆ, ಅವಳು ಅದನ್ನು ಮರೆಯಲು ಇನ್ನೊಂದು ಹಚ್ಚುತ್ತಾಳೆ.

ಸರ್ಕಾರವೂ ಕೈಹಾಕಿತು. 2016ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 18ರಿಂದ 24 ವರ್ಷದ ಲೈಂಗಿಕ ಅಲ್ಪಸಂಖ್ಯಾತರಿಗಾಗಿ 12 ನಗರಗಳಲ್ಲಿ ‘ದಿಸ್ ಫ್ರೀ ಲೈಫ್’, ಅಂದರೆ ‘ಈ ಸ್ವತಂತ್ರ ಬದುಕು’ ಅನ್ನುವ ಪ್ರಚಾರ ಶುರುಮಾಡಿತು. ಬರ್ನೇಸ್ ಎತ್ತಿಕೊಂಡು ಹೋಗಿದ್ದ ಪದವನ್ನು ಕಿತ್ತು ತಂದರು ನೋಡಿ. ಇದರಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಅವರು ಗುರಿಯಿಟ್ಟದ್ದು ದಿನಾ ಸೇದುವವರಿಗಲ್ಲ, ಆಗೀಗ ಸೇದುವವರಿಗೆ. ಅಂಥವರು ಈ ವಯಸ್ಸಿನಲ್ಲಿ 8 ಲಕ್ಷಕ್ಕೂ ಹೆಚ್ಚು ಇದ್ದಾರೆ ಅಂತ ಆಗ ಅವರ ಲೆಕ್ಕ. “ನಾನೇನು ಸ್ಮೋಕರ್ ಅಲ್ಲ, ಪಾರ್ಟಿಲಿ ಮಾತ್ರ” ಅನ್ನುವ ಹುಡುಗಿ ನಿಮಗೂ ಗೊತ್ತಿರುತ್ತಾಳೆ. ‘ಧೂಮಪಾನಿಗಳೇ’ ಅಂತ ಶುರುವಾಗುವ ಯಾವ ಸಾಲೂ ಅವಳ ಕಿವಿಗೆ ಬೀಳುವುದಿಲ್ಲ. ಅವಳ ಹೆಸರು ಅದಲ್ಲವಲ್ಲ.

ಹಾಗಂತ ಇದನ್ನೆಲ್ಲ ಕನ್ನಡ ಮಾಡಿ ಇಲ್ಲಿ ಅಂಟಿಸಿದರೆ ಆಗುತ್ತಾ? ಆಗಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಹೊಗೆ ಸೇದುವ ಹೆಂಗಸರು ನೂರಕ್ಕೆ 2. ಹೊಗೆಸೊಪ್ಪಿನಂಥ ಹೊಗೆಯಿಲ್ಲದ ತಂಬಾಕು ಬಳಸುವವರು ಸುಮಾರು 13. ಕ್ಯಾಸ್ಟ್ರೊದ ಬಾರುಗಳಂಥ ಜಾಗವೂ ಇಲ್ಲಿ ಎಲ್ಲರಿಗೂ ಸಿಗುವುದಿಲ್ಲ. ಇಲ್ಲಿ ಹುಡುಗಿ ಸೇದುವುದು ಟೀ ಅಂಗಡಿಯ ಹಿಂದೆ, ಪಿಜಿಯ ಟೆರೇಸಿನಲ್ಲಿ. ಬಿಡಿಯಾಗಿ ಒಂದೊಂದೇ ಕೊಂಡು.

ಆ ಕಾಲೇಜಿನ ಹುಡುಗಿಯನ್ನು ಆಮೇಲೆ ಹುಡುಕಿಕೊಂಡು ಹೋದೆ. ಅಂಥ ಒಂದು ಟೀ ಅಂಗಡಿಯ ಹಿಂದೆಯೇ ಕೂತೆವು. ಯಾವಾಗ ಸೇದಬೇಕು ಅನಿಸುತ್ತೆ ಅಂತ ಕೇಳಿದೆ. “ಅಮ್ಮನ ಫೋನ್ ಬಂದ ಮೇಲೆ,” ಅಂದಳು. “ಹಾಸನದ ಕಡೆ ಗಂಡು ನೋಡಿದ್ದೀವಿ ಅಂತಾರೆ. ಹೂಂ ಅಂತೀನಿ. ಇಡ್ತೀನಿ. ಹಚ್ತೀನಿ.” 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಸಲಿಂಗ ಸಂಬಂಧ ಅಪರಾಧವಲ್ಲ ಎಂದದ್ದು, ಅವಳಿಗೆ ಗೊತ್ತಿದೆ. ಅಮ್ಮನ ಫೋನಿಗೆ ಗೊತ್ತಿಲ್ಲ.

ಇಬ್ಬರೂ ಸೇರಿ ಹೊಸ ಸಾಲು ಬರೆದೆವು. ಕಾಮನಬಿಲ್ಲು ಹಾಕೋಣವಾ ಅಂದೆ. “ಬೇಡ ಅಕ್ಕಾ. ಅದರ ಎದುರು ನಿಂತು ಓದಿದ್ರೆ ನಾನು ಯಾರು ಅಂತ ಕಾಲೇಜಿಗೆಲ್ಲ ಗೊತ್ತಾಗುತ್ತೆ,” ಅಂದಳು. ಆಮೇಲೆ ಅವಳೇ ಹೇಳಿದ ಸಾಲು ಇದು: ‘ಮನೆಯ ಫೋನ್ ಇಟ್ಟೆಯಾ? ಹತ್ತು ನಿಮಿಷ ಕಾಯಿ. ಗೆಳತಿಗೆ ಫೋನ್ ಮಾಡು.’ ಸೇದಬೇಕೆನ್ನುವ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ, ಹಾಗಾಗಿ ಆ ಹತ್ತು ನಿಮಿಷ. ಕೆಳಗೆ ನಾನು ಸಿಗರೇಟು ಪ್ಯಾಕಿನ ಮೇಲಿರುವ, ತಂಬಾಕು ಬಿಡಲು ನೆರವಾಗುವ ಕ್ವಿಟ್‌ಲೈನ್ ನಂಬರ್ ಬರೆದೆ, 1800-11-2356. ಕರೆಗೆ ಕಾಸಿಲ್ಲ, ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು ಅಂದೆ.

ಅವಳು ನಂಬರನ್ನು ಒಂದು ಸಲ ಓದಿಕೊಂಡಳು.

“ಫೋನ್ ಎತ್ತಿದವರು ಮದುವೆ ಆಗಿದೆಯಾ ಅಂತ ಕೇಳ್ತಾರಾ ಅಕ್ಕಾ?”

ನನಗೆ ಉತ್ತರ ಗೊತ್ತಿರಲಿಲ್ಲ. ಮೊದಲು ನಾನೇ ಫೋನ್ ಮಾಡಿ ನೋಡುತ್ತೇನೆ ಅಂದೆ.

ನಮಸ್ಕಾರ.