ಪಾಯಿಂಟ್‌ಗಳಿದ್ದವು, ಸೀಟಿರಲಿಲ್ಲ

ನಮಸ್ಕಾರ ವೀಕ್ಷಕರೇ. ಚೆಕ್-ಇನ್ ಸಾಲು ಎಷ್ಟು ಉದ್ದವಿದೆ ಎಂಬುದು ನಿಮಗೇ ಕಾಣುತ್ತಿದೆ. ಅದು ಕರಗುವುದರೊಳಗೆ ಈ ಟಿಕೆಟ್ಟಿನ ಕಥೆಯನ್ನು ಹೇಳಿ ಮುಗಿಸುತ್ತೇನೆ. ವಾಸ್ತವವಾಗಿ ನಾನು ಈ ಸಾಲಿನಲ್ಲಿ ನಿಲ್ಲಬೇಕಾಗಿರಲಿಲ್ಲ, ಬೇರೊಂದು ಸಂಸ್ಥೆಯ ವಿಮಾನದಲ್ಲಿ ಪಾಯಿಂಟ್‌ಗಳನ್ನು ಕೊಟ್ಟು ಹೋಗಬೇಕಾಗಿತ್ತು.

ಎರಡು ವರ್ಷಗಳಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಖರ್ಚಿಗೆ 40 ಸಾವಿರ ಪಾಯಿಂಟ್‌ಗಳು ಸೇರಿದ್ದವು. ಆ ಸಂಸ್ಥೆಯ ಆಪ್‌ನಲ್ಲಿ ನನಗೆ ಬೇಕಾದ ದಿನಕ್ಕೇ 38 ಸಾವಿರಕ್ಕೆ ಒಂದು ಸೀಟು ಕಾಣಿಸಿತು. ಹಿಂದೆಮುಂದೆ ನೋಡದೆ ಎಲ್ಲ ಪಾಯಿಂಟ್‌ಗಳನ್ನೂ ಕಾರ್ಡಿನಿಂದ ಅವರ ಖಾತೆಗೆ ವರ್ಗಾಯಿಸಿದೆ. ಕ್ಷಣಮಾತ್ರದಲ್ಲಿ ಆಗಿಬಿಡುತ್ತದೆ ಎಂದುಕೊಂಡಿದ್ದ ವರ್ಗಾವಣೆಗೆ ಎರಡು ದಿನ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಆಪ್ ತೆರೆದರೆ ಖಾತೆಯಲ್ಲಿ 40 ಸಾವಿರ ನಿಂತಿದೆ, ಅದೇ ವಿಮಾನದ ಅದೇ ತರಗತಿಗೆ 61 ಸಾವಿರ ಕೇಳುತ್ತಿದೆ. ಮೊದಲು ನನ್ನ ಕಣ್ಣನ್ನು ನಂಬಲಿಲ್ಲ, ಆಮೇಲೆ ಆಪ್ ಅನ್ನು ನಂಬಲಿಲ್ಲ. ಲಾಗ್ ಔಟ್ ಮಾಡಿ ಮತ್ತೆ ಬಂದರೂ 61 ಸಾವಿರವೇ. ಪಾಯಿಂಟ್‌ಗಳನ್ನು ಕಾರ್ಡಿಗೆ ಹಿಂದಿರುಗಿಸಿ ಎಂದು ಸಹಾಯವಾಣಿಗೆ ಕರೆ ಮಾಡಿ, ಕಾಯುವ ಸಂಗೀತವನ್ನು ಮುಕ್ಕಾಲು ಗಂಟೆ ಕೇಳಿದ ಮೇಲೆ ಸಿಕ್ಕ ಉತ್ತರ ಒಂದೇ: ಒಮ್ಮೆ ಬಂದದ್ದು ಹಿಂದಕ್ಕೆ ಹೋಗುವುದಿಲ್ಲ. ಷರತ್ತುಗಳಲ್ಲಿ ಅದು ಬರೆದಿತ್ತು, ಓದಿದ್ದೇನೆ ಎಂದು ನಾನೇ ಟಿಕ್ ಹಾಕಿದ್ದೆ. ಆದರೂ ಆ ದಿನವಿಡೀ ನಾನು ಬೈದದ್ದು ಅವರನ್ನೇ.

ಇದರ ಒಳಗುಟ್ಟು ಇಷ್ಟೇ: ಪಾಯಿಂಟ್‌ಗಳಿಗೆ ಕೊಡುವ ಸೀಟುಗಳ ಲೆಕ್ಕವೇ ಬೇರೆ, ದುಡ್ಡಿಗೆ ಮಾರಾಟವಾಗಲಾರವು ಎಂದು ಸಂಸ್ಥೆಗೆ ಅನ್ನಿಸಿದ ಕೆಲವನ್ನು ಮಾತ್ರ ಕಡಿಮೆ ಪಾಯಿಂಟ್‌ಗೆ ಬಿಡುತ್ತಾರೆ, ಬೇಡಿಕೆ ಏರಿದರೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ವಿಮಾನ ಸಂಸ್ಥೆಗಳ ಪಾಯಿಂಟ್‌ಗೆ ಮೈಲು ಎಂಬ ಹೆಸರೂ ಇದೆ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪದೇ ಪದೇ ಹಾರುವವರಿಗಾಗಿ ತನ್ನ ಅಡ್ವಾಂಟೇಜ್ ಯೋಜನೆಯನ್ನು ಆರಂಭಿಸಿದಾಗ ಮೈಲು ಎಂದರೆ ನಿಜವಾಗಿ ಹಾರಿದ ಮೈಲು. 2015ರಲ್ಲಿ ಅಮೆರಿಕದ ಇನ್ನೆರಡು ವಿಮಾನ ಸಂಸ್ಥೆಗಳಾದ ಡೆಲ್ಟಾ ಮತ್ತು ಯುನೈಟೆಡ್ ಎರಡೂ ಹಾರಿದ ದೂರವನ್ನು ಬಿಟ್ಟು ಕೊಟ್ಟ ಹಣವನ್ನು ಎಣಿಸತೊಡಗಿದವು. ಎಲ್ಲಿಗೆ ಹೋಗಲು ಎಷ್ಟು ಮೈಲು ಬೇಕೆಂಬ ಪಟ್ಟಿಯನ್ನು ಡೆಲ್ಟಾ ಅದೇ ವರ್ಷ ತೆಗೆದೇಹಾಕಿತು. ಪಟ್ಟಿಯೇ ಇಲ್ಲದ ಅಂಗಡಿಯಲ್ಲಿ ಬೆಲೆ ಏರಿತೆಂದು ಜಗಳ ಕಾಯುವುದಾದರೂ ಹೇಗೆ? ಪಾಯಿಂಟ್‌ಗಳನ್ನು ಎಕಾನಮಿಯಲ್ಲಿ ವ್ಯರ್ಥಮಾಡದೆ ಬಿಸಿನೆಸ್ ಕ್ಲಾಸಿಗೆಂದು ಕೂಡಿಡಿ ಎಂದು ಹಿಂದೊಮ್ಮೆ ಬಹಳ ಗಟ್ಟಿಯಾಗಿ ಹೇಳಿದ್ದೆ. ಆ ಮಾತನ್ನು ಈಗ ಹಿಂತೆಗೆದುಕೊಳ್ಳುತ್ತೇನೆ. ಬಡ್ಡಿ ಬರದ, ಹೇಳದೆ ಕೇಳದೆ ಸವೆಯುವ ವಸ್ತುವನ್ನು ಕೂಡಿಡುವುದು ಉಳಿತಾಯವಲ್ಲ. ಮೊದಲು ಸೀಟು, ಆಮೇಲೆ ವರ್ಗಾವಣೆ. ಫೋನಿನಲ್ಲಿ ಕೇಳಿದರೆ ಸೀಟನ್ನು ಕೆಲವು ದಿನ ಹಿಡಿದಿಡುವ ಸಂಸ್ಥೆಗಳೂ ಇವೆ, ನಾನು ಕೇಳಿರಲಿಲ್ಲ ಅಷ್ಟೇ.

ಅಂದಹಾಗೆ, ಉಚಿತ ಟಿಕೆಟ್ ಎಂಬ ಮಾತೇ ನನಗೆ ಹಿಡಿಸುವುದಿಲ್ಲ. ಪಾಯಿಂಟ್ ಕೊಟ್ಟ ಮೇಲೂ ತೆರಿಗೆ ಕಟ್ಟಬೇಕು, ಹಲವು ಕಡೆ ಇಂಧನದ ಹೆಸರಿನಲ್ಲಿ ಮತ್ತೊಂದು ಮೊತ್ತವನ್ನು ಕಟ್ಟಬೇಕು. ಬ್ರಿಟನ್ನಿನಿಂದ ಹೊರಡುವ ವಿಮಾನವಾದರೆ ಅಲ್ಲಿನ ಪ್ರಯಾಣಿಕ ಸುಂಕ ಪಾಯಿಂಟ್ ಟಿಕೆಟ್ಟಿಗೂ ತಪ್ಪಿದ್ದಲ್ಲ. ಆದ್ದರಿಂದ ದುಡ್ಡಿನ ಟಿಕೆಟ್ಟಿನ ಬೆಲೆಯಲ್ಲಿ ಈ ಮೊತ್ತಗಳನ್ನು ಕಳೆದು, ಉಳಿದುದನ್ನು ಪಾಯಿಂಟ್‌ಗಳಿಂದ ಭಾಗಿಸಿ ನೋಡಿದರೆ ಒಂದು ಪಾಯಿಂಟ್ ಎಷ್ಟು ಬಾಳುತ್ತದೆ ಎಂಬುದು ಬಯಲಾಗುತ್ತದೆ.

ಸಾಲು ಸರಿಯುತ್ತಿದೆ, ಬೇಗ ಹೇಳುತ್ತೇನೆ. ಕೊನೆಗೆ ದುಡ್ಡು ಕೊಟ್ಟೇ ಈ ಟಿಕೆಟ್ಟನ್ನು ಕೊಂಡೆ: ಹೊರಡುವ ದಿನವನ್ನು ಒಂದು ದಿನ ಹಿಂದಕ್ಕೆ ಹಾಕಿದ್ದಕ್ಕೆ, ನಡುವೆ ಒಮ್ಮೆ ವಿಮಾನ ಬದಲಿಸಲು ಒಪ್ಪಿದ್ದಕ್ಕೆ, ಮೊದಲು ಕಂಡ ಬೆಲೆಯಲ್ಲಿ ಮೂರನೇ ಒಂದು ಭಾಗ ಇಳಿಯಿತು. ಬ್ರೌಸರಿನ ಗುಪ್ತ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ಹುಡುಕಿದರೆ ಅಗ್ಗವಾಗುತ್ತದೆ ಎನ್ನುವವರ ಮಾತನ್ನು ಕೇಳಿ ಹುಡುಕಿದ್ದೂ ಆಯಿತು, ಬೆಲೆ ಕದಲಲಿಲ್ಲ. ಒಂದೇ ಎಕಾನಮಿಯೊಳಗೆ ಹಲವು ದರದ ಸೀಟುಗಳಿರುತ್ತವೆ. ಅಗ್ಗದವು ಮುಗಿದಾಗ ಮುಂದಿನ ದರ ತೆರೆದುಕೊಳ್ಳುತ್ತದೆ. ಅಮೆರಿಕಕ್ಕೆ ಹೋಗಿಬರುವವರಿಗೆ ಒಂದು ಅನುಕೂಲವಿದೆ: ವಿಮಾನ ಸಂಸ್ಥೆಯಿಂದಲೇ ನೇರವಾಗಿ, ಹೊರಡುವುದಕ್ಕೆ ಕನಿಷ್ಠ 7 ದಿನ ಮುಂಚೆ ಕಾದಿರಿಸಿದರೆ, ಆ ದರವನ್ನು ಹಣ ಕಟ್ಟದೆ 24 ಗಂಟೆ ಹಿಡಿದಿಡಲು, ಇಲ್ಲವೇ ಅಷ್ಟರೊಳಗೆ ರದ್ದುಮಾಡಿ ಪೂರ್ತಿ ಹಣ ಹಿಂಪಡೆಯಲು ಸಂಸ್ಥೆ ಅವಕಾಶ ಕೊಡಲೇಬೇಕೆಂಬ ನಿಯಮ ಅಲ್ಲಿದೆ.

ಇಲ್ಲಿ ಟಿಕೆಟ್ಟಿನ ಮೂಲೆಯಲ್ಲಿ ಒಂಟಿಯಾಗಿ ನಿಂತಿರುವ ಈ ಅಕ್ಷರವನ್ನು ನೋಡಿ, ಕ್ಯಾಮೆರಾವನ್ನು ಹತ್ತಿರ ತರುತ್ತೇನೆ. ನಾನು ಕೊಂಡ ದರದ ಗುರುತು ಅದು. ಅಗ್ಗದ ಅಕ್ಷರವಾದ್ದರಿಂದ ಹಾರುವ ದೂರದಲ್ಲಿ ಕಾಲು ಭಾಗದಷ್ಟು ಮೈಲು ಮಾತ್ರ ಸಿಗುತ್ತದೆ. ಈ ಸಂಸ್ಥೆಯೂ ನನ್ನ ಪಾಯಿಂಟ್‌ಗಳನ್ನು ಹಿಡಿದು ಕುಳಿತಿರುವ ಸಂಸ್ಥೆಯೂ ಒಂದೇ ಒಕ್ಕೂಟದಲ್ಲಿವೆ, ಆದ್ದರಿಂದ ಇಲ್ಲಿನ ಮೈಲುಗಳನ್ನು ಅಲ್ಲಿಗೆ ಸೇರಿಸಬಹುದು. ನನ್ನ ಸರದಿ ಬಂತು, ಸದಸ್ಯತ್ವ ಸಂಖ್ಯೆ ಇದೆಯೇ ಎಂದು ಕೇಳುತ್ತಿದ್ದಾರೆ. ಇದೆ. ಬಿಟ್ಟುಬಿಡೋಣ ಎಂದುಕೊಂಡಿದ್ದ ಆ ಹಳೆಯ ಖಾತೆಯದನ್ನೇ ಕೊಡುತ್ತಿದ್ದೇನೆ. ಇನ್ನೂ 21 ಸಾವಿರ ಬೇಕು.