ಹೆಜ್ಜೆ ಸದ್ದಿಗೆ ದಾರಿ ಬಿಡಿ

ನಮಸ್ಕಾರ. ರಾತ್ರಿ ಒಬ್ಬರೇ ಮನೆಗೆ ನಡೆದು ಬರುತ್ತಿದ್ದೀರಿ ಅಂದುಕೊಳ್ಳಿ. ಹಿಂದೆ ಯಾರದೋ ಹೆಜ್ಜೆ ಸದ್ದು. ತಿರುಗಿ ನೋಡಿದರೆ ಯಾರೂ ಇಲ್ಲ. ಮತ್ತೆ ನಡೆದರೆ ಮತ್ತೆ ಅದೇ ಸದ್ದು. ಜಪಾನಿನ ಹಳ್ಳಿ ಕಡೆ ಇದಕ್ಕೊಂದು ಹೆಸರಿದೆ, ಬೆತೊಬೆತೊ-ಸಾನ್. ಸಾನ್ ಅಂದರೆ ಮರ್ಯಾದೆಗೆ ಹಚ್ಚುವ ಮಾತು, ನಾವು ‘ಅವರು’ ಅಂದ ಹಾಗೆ. ಮಂತ್ರ ಗಿಂತ್ರ ಏನೂ ಬೇಡ. ಪಕ್ಕಕ್ಕೆ ಸರಿದು ನಿಂತು, “ಬೆತೊಬೆತೊ ಅವರೇ, ನೀವು ಮುಂದೆ ಹೋಗಿ” ಅಂದರೆ ಸಾಕು, ಸದ್ದು ನಿಂತುಹೋಗುತ್ತದೆ.

ಇಂಥವಕ್ಕೆಲ್ಲ ಅಲ್ಲಿ ಯೊಕಾಯ್ ಅನ್ನುತ್ತಾರೆ. ಬರೀ ಸದ್ದಾಗಿ, ಬರೀ ಮಾತಾಗಿ ಇದ್ದ ಎಷ್ಟೋ ಯೊಕಾಯ್‌ಗಳಿಗೆ ಮುಖ ಮೈ ಕೊಟ್ಟ ಮಾಂಗಾ, ಅಂದರೆ ಜಪಾನಿ ಚಿತ್ರಕಥೆಗಳ, ಚಿತ್ರಕಾರ ಶಿಗೆರು ಮಿಜುಕಿ. ಹುಟ್ಟಿದ್ದು 1922ರಲ್ಲಿ, ಬೆಳೆದದ್ದು ಜಪಾನ್ ಸಮುದ್ರದ ದಡದ ಸಕಾಯ್‌ಮಿನಾತೊ ಎಂಬ ಮೀನುಗಾರರ ಊರಲ್ಲಿ. ಅಲ್ಲಿ ಮನೆಗೆ ಬಂದುಹೋಗುತ್ತಿದ್ದ ಒಬ್ಬ ಬಡ ಅಜ್ಜಿ ಇದ್ದಳು. ಪೂಜೆ, ಪ್ರಾರ್ಥನೆ ಮಾಡಿಕೊಂಡು ಬದುಕುವವಳು, ಅದಕ್ಕೇ ಎಲ್ಲರೂ ನೊನ್‌ನೊನ್‌ಬಾ ಅನ್ನುತ್ತಿದ್ದರು. ಮನೆಯ ಸೂರಿನಲ್ಲಿ ಕಲೆ ಕಂಡರೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಸೂರು ನೆಕ್ಕುವ ಒಂದು ಬರುತ್ತದೆ, ಅದರ ನಾಲಿಗೆಯ ಗುರುತು ಅದು ಅನ್ನುತ್ತಿದ್ದಳು. ಹುಡುಗ ಮಲಗಿದಲ್ಲೇ ಕಣ್ಣು ಬಿಟ್ಟು ಆ ಕಲೆ ನೋಡುತ್ತಿದ್ದ. ನನ್ನ ಪ್ರಕಾರ ಇವರ ನಿಜವಾದ ಚಿತ್ರಕಲಾ ಶಾಲೆ ಅದೇ.

ಆಮೇಲೆ ಯುದ್ಧ ಬಂತು. ಪಪುವಾ ನ್ಯೂಗಿನಿ ಕಡೆಯ ರಬೌಲ್‌ಗೆ ಸೈನಿಕನನ್ನಾಗಿ ಕಳಿಸಿದರು. ಇವರೋ ನಿದ್ದೆ ಪ್ರಿಯರು, ತಡವಾಗಿ ಎದ್ದು ಕಪಾಳಕ್ಕೆ ತಿಂದವರು. ಒಂದು ಬೆಳಗಿನ ಜಾವ ಕಾವಲಿನ ಪಾಳಿ ಇತ್ತು. ದೂರದರ್ಶಕದಲ್ಲಿ ಶತ್ರುಗಳನ್ನು ನೋಡೋದು ಬಿಟ್ಟು ಗಿಳಿಗಳನ್ನು ನೋಡುತ್ತಾ ನಿಂತುಬಿಟ್ಟರು. ವಾಪಸ್ ಹೋಗೋದು ತಡವಾಯಿತು. ಅಷ್ಟರಲ್ಲಿ ದಾಳಿ ಆಗಿ, ಅವರ ತುಕಡಿಯ ಉಳಿದವರೆಲ್ಲ ಸತ್ತುಹೋಗಿದ್ದರು. ಕಾಡು, ಸಮುದ್ರ ಅಂತ ದಿನಗಟ್ಟಲೆ ತಪ್ಪಿಸಿಕೊಂಡು ಓಡಿ, ಮೈಮೇಲೆ ಬಟ್ಟೆ ಕೂಡ ಇಲ್ಲದೆ ಸೇನೆಯ ನೆಲೆ ಮುಟ್ಟಿದರೆ, ಅಲ್ಲಿ ಸಿಕ್ಕಿದ್ದು ಬೈಗುಳ: ಎಲ್ಲರೂ ಸತ್ತರು, ನೀನೊಬ್ಬ ಯಾಕೆ ಓಡಿಬಂದೆ? ಆ ಓಟದ ನಡುವೆ ಒಂದು ರಾತ್ರಿ ಕಾಡಿನಲ್ಲಿ ಮುಂದೆ ಹೆಜ್ಜೆ ಇಡಲಾಗದೆ, ಕಣ್ಣಿಗೆ ಕಾಣದ ಗೋಡೆಯೊಂದು ಅಡ್ಡ ನಿಂತಿತಂತೆ. ಅದೇ ಗೋಡೆ ಯೊಕಾಯ್, ನುರಿಕಾಬೆ! ಮುಂದೆ ಇವರ ಚಿತ್ರಗಳಲ್ಲಿ ಅದು ಪುಟ್ಟ ಕಣ್ಣು, ಗಿಡ್ಡ ಕಾಲುಗಳ ಪಾಪದ ಗೋಡೆಯಾಗಿ ಬಂತು. ಸ್ವಲ್ಪ ದಿನಕ್ಕೆ ಮಲೇರಿಯಾ ಬಂದು ಮಲಗಿದ್ದಾಗ ಬಾಂಬ್ ಬಿದ್ದು ಎಡಗೈ ಹೋಯಿತು.

ಊರಿಗೆ ಮರಳಿ ಒಂದೇ ಕೈಯಲ್ಲಿ ಬರೆಯೋಕೆ ಕೂತರು. ಮೊದಲು ಕಾಮಿಶಿಬಾಯ್. ಅಂದರೆ ಬೀದಿಯಲ್ಲಿ ಮಕ್ಕಳನ್ನು ಸೇರಿಸಿ, ಮಿಠಾಯಿ ಮಾರಿ, ಚಿತ್ರದ ಹಲಗೆ ಒಂದೊಂದಾಗಿ ಸರಿಸುತ್ತಾ ಕಥೆ ಹೇಳೋದು. ಅದು ಕುಸಿಯುತ್ತಾ ಬಂದಾಗ ಬಾಡಿಗೆ ಪುಸ್ತಕದಂಗಡಿಗಳಿಗೆ ಮಾಂಗಾ. ಅದೂ ಮುಳುಗುತ್ತಿತ್ತು. ಪಾಪ, ಹೋದ ಕಡೆಯೆಲ್ಲ ಅಂಗಡಿ ಬಾಗಿಲು ಹಾಕುವ ಹೊತ್ತಿಗೇ ಹೋದ ಮನುಷ್ಯ. 1961ರಲ್ಲಿ ಹುಡುಗಿ ನೋಡಿದ ಐದೇ ದಿನಕ್ಕೆ ನುನೊಎ ಅವರ ಜೊತೆ ಮದುವೆ. ಕಡು ಬಡತನ.

ಬೀದಿ ಕಥೆಯ ಕಾಲದಿಂದ ಬಂದ ‘ಸ್ಮಶಾನದ ಕಿತಾರೊ’ನನ್ನು ಅವರು ಬಿಡಲಿಲ್ಲ. ಕಿತಾರೊ ಸ್ಮಶಾನದಲ್ಲಿ ಹುಟ್ಟಿದ ಒಕ್ಕಣ್ಣ ಹುಡುಗ. ಸತ್ತ ಅಪ್ಪನ ಒಂದು ಕಣ್ಣುಗುಡ್ಡೆ ಮಾತ್ರ ಉಳಿದು, ಕೈಕಾಲು ಬಂದು, ಮಗನ ತಲೆಗೂದಲಲ್ಲಿ ಕೂತು ಬುದ್ಧಿ ಹೇಳುತ್ತದೆ, ಬಟ್ಟಲಿನಲ್ಲಿ ಬಿಸಿನೀರು ಸ್ನಾನ ಮಾಡುತ್ತದೆ! ಜೊತೆಗೆ ಇಲಿಮನುಷ್ಯ ಅಂತ ಒಬ್ಬ, ಸ್ನಾನ ಕಂಡವನಲ್ಲ, ದುಡ್ಡಿಗೆ ಗೆಳೆಯರನ್ನೇ ಮಾರುವವನು. ನನಗೆ ಅವನೇ ಜಾಸ್ತಿ ಇಷ್ಟ. ಪಾತ್ರಗಳು ಮಕ್ಕಳು ಗೀಚಿದ ಹಾಗೆ ಇದ್ದರೆ, ಹಿಂದಿನ ಕಾಡು, ಹಳೇ ಮನೆ, ಹುಲ್ಲು ಎಲ್ಲ ಚುಕ್ಕಿ ಚುಕ್ಕಿಯಾಗಿ ಫೋಟೋದಂತೆ. ಹಾಗಾಗಿ ಭೂತ ನಗಿಸುತ್ತದೆ, ಕಾಡು ಹೆದರಿಸುತ್ತದೆ.

1965ರಲ್ಲಿ ‘ತೆರೆಬಿ-ಕುನ್’ ಕಥೆಗೆ ಕೊಡಾನ್ಶಾ ಪ್ರಕಾಶನದ ಪ್ರಶಸ್ತಿ ಬಂತು. ಆಗ ವಯಸ್ಸು 43. 1968ರಲ್ಲಿ ಕಿತಾರೊ ಟಿವಿಗೆ ಹೋದ. ಟಿವಿಯಲ್ಲಿ ಸ್ಮಶಾನ ಅನ್ನೋ ಹೆಸರು ಯಾರಿಗೆ ಬೇಕು? ‘ಗೆಗೆಗೆ ನೊ ಕಿತಾರೊ’ ಅಂತಾಯಿತು. ಮಿಜುಕಿ ಚಿಕ್ಕವರಿದ್ದಾಗ ಶಿಗೆರು ಅನ್ನಲು ಬಾರದೆ ಗೆಗೆರು ಅನ್ನುತ್ತಿದ್ದರಂತೆ, ಆ ಗೆಗೆ ಇದು.

1973ರಲ್ಲಿ ರಬೌಲ್ ಬಗ್ಗೆ ಒಂದು ಮಾಂಗಾ ಬರೆದರು, ಶೇಕಡಾ 90 ನಿಜ ಅಂತ ಅವರೇ ಹೇಳಿದ್ದಾರೆ. ಅದರಲ್ಲಿ ಒಂದೇ ಒಂದು ಭೂತ ಇಲ್ಲ. ಸಾಯಿರಿ ಅಂತ ಹುಡುಗರಿಗೆ ಅಪ್ಪಣೆ ಕೊಡುವ ಅಧಿಕಾರಿಗಳಿದ್ದಾರೆ. ಇವರ ಪುಸ್ತಕಗಳಲ್ಲಿ ನನಗೆ ಓದಿ ಭಯವಾಗಿದ್ದು ಇದೊಂದೇ.

ನಿದ್ದೆಯನ್ನು ಮಾತ್ರ ಕೊನೆವರೆಗೂ ಬಿಡಲಿಲ್ಲ. ರಾತ್ರಿಯೆಲ್ಲ ಎದ್ದು ದುಡಿದ ಇನ್ನೊಬ್ಬ ಮಾಂಗಾ ಚಿತ್ರಕಾರ ಒಸಾಮು ತೆಜುಕಾ 60ಕ್ಕೇ ಹೋದರು. ಮಿಜುಕಿ 2015ರವರೆಗೆ, 93 ವರ್ಷ ಬಾಳಿದರು. 2007ರಲ್ಲಿ ಫ್ರಾನ್ಸಿನ ಅಂಗುಲೇಮ್ ಕಾಮಿಕ್ಸ್ ಉತ್ಸವದ ಅತ್ಯುತ್ತಮ ಪುಸ್ತಕ ಪ್ರಶಸ್ತಿಯೂ ಬಂತು, ಆ ಅಜ್ಜಿಯ ಬಗ್ಗೆ ಬರೆದ ಮಾಂಗಾಗೆ.

ಈಗ ಸಕಾಯ್‌ಮಿನಾತೊಗೆ ಹೋದರೆ ರೈಲು ನಿಲ್ದಾಣದಿಂದಲೇ ಮಿಜುಕಿ ಶಿಗೆರು ರಸ್ತೆ ಶುರು. ಎರಡೂ ಬದಿಯಲ್ಲಿ 170ಕ್ಕೂ ಹೆಚ್ಚು ಕಂಚಿನ ಪ್ರತಿಮೆಗಳು. ಸಂಜೆಯಾದರೆ ನೆಲದ ಮೇಲೆ ಯೊಕಾಯ್ ನೆರಳುಗಳನ್ನು ದೀಪದಲ್ಲಿ ಮೂಡಿಸುತ್ತಾರೆ. ಕಣ್ಣುಗುಡ್ಡೆ ಅಪ್ಪ, ಇಲಿಮನುಷ್ಯ ಎಲ್ಲರೂ ಇದ್ದಾರೆ. ಅವರ ನಡುವೆ ಒಬ್ಬ ಅಜ್ಜಿ, ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗ.